ಪಾಟಾ ಕಟ್ಟಿನ ಕಸುಬು
ಇಳಕಲ್ಲಿನ ಕೆಂಪು ಗ್ರಾನೈಟು, ಹುನಗುಂದದ ಎರೆಹೊಲಗಳ ಕಡಲೆ ಮೊದಲಾದವನ್ನು ಹೊತ್ತು ಬಾಗಲಕೋಟೆ, ಬಾದಾಮಿಗಳ ಏರಿಳಿತದ ದಾರಿಗಳಲ್ಲಿ ದುಡಿಯುವ ಪಿಕಪ್ ವಾಹನದ ಹಿಂಬದಿಗೆ ಆಧಾರವಾಗಿರುವುದು, ಚಾಲಕರು ‘ಪಾಟಾ’ ಎಂದು ಕರೆಯುವ, ಕೆಳಗಿಳಿದಂತೆ ಉದ್ದ ಕಿರಿದಾಗುವ ಉಕ್ಕಿನ ಬಾಗುಪಟ್ಟಿಗಳ ಕಟ್ಟು. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗುತ್ತ, ಪಟ್ಟಿಗಳು ಪರಸ್ಪರ ಜಾರುವಾಗ ಹುಟ್ಟುವ ಘರ್ಷಣೆಯೂ ಕುಲುಕಾಟವನ್ನು ತಗ್ಗಿಸುವುದು ಈ ಸರಳ ರಚನೆಯ ಸೊಬಗು. ವಾಹನವನ್ನು ಎತ್ತರಿಸಬಯಸುವವರು ಅಚ್ಚಿಗೂ ಪಟ್ಟಿಗೂ ಮಧ್ಯೆ ಲೋಹದ ದಿಮ್ಮಿಯಿಡಬಹುದಾದರೂ ಅದು ಕೊಡುವುದು ಎತ್ತರವನ್ನಷ್ಟೇ, ಬಲವನ್ನಲ್ಲ. ಸೋತ ಪಟ್ಟಿಗಳನ್ನು ಬದಲಿಸಿ, ಅಗತ್ಯವಿದ್ದರೆ ಇನ್ನೊಂದನ್ನು ಸೇರಿಸಿ, ಎರಡೂ ಬದಿಯ ಬಾಗನ್ನು ಅಳೆದು ಸರಿದೂಗಿಸುವ ಕುಶಲಕರ್ಮಿಯ ಕೆಲಸವೇ ನಿಜಕ್ಕೂ ಮೆಚ್ಚತಕ್ಕದ್ದು; ಏಕೆಂದರೆ ಪಟ್ಟಿ ಅತಿಯಾದರೆ ಖಾಲಿ ವಾಹನ ಜಿಗಿಯುತ್ತದೆ, ಎತ್ತರ ಹೆಚ್ಚಿದರೆ ಗುರುತ್ವಕೇಂದ್ರವೂ ಮೇಲೇರಿ ತಿರುವಿನಲ್ಲಿ ಮಗುಚುವ ಅಪಾಯ ಬೆಳೆಯುತ್ತದೆ. ಪಟ್ಟಿಗಳನ್ನು ಎಷ್ಟೇ ಸೇರಿಸಿದರೂ ನೋಂದಣಿ ಪತ್ರದ ಭಾರಮಿತಿ ಬದಲಾಗುವುದಿಲ್ಲ.