ಐದು ಪ್ರಶ್ನೆಗಳ ಹರೆಯ

ಆನ್ ಪೀಟರ್ಸನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ಯುಬರ್ಟಲ್ ಡೆವಲಪ್‌ಮೆಂಟ್ ಸ್ಕೇಲ್ ಹದಿಹರೆಯದ ಸಂಶೋಧಕರ ಕೈಯಲ್ಲಿ ಇವತ್ತಿಗೂ ಓಡಾಡುತ್ತಿದೆ. ಎತ್ತರ, ಮೈಕೂದಲು, ಮೊಡವೆಯ ಪ್ರಶ್ನೆ ಎಲ್ಲರಿಗೂ; ಮೇಲೆ ಹುಡುಗಿಯರಿಗೆ ಎದೆ ಮತ್ತು ಮುಟ್ಟು, ಹುಡುಗರಿಗೆ ದನಿ ಮತ್ತು ಮೀಸೆ. ಒಂದರಿಂದ ನಾಲ್ಕು ಅಂಕ, ಆಮೇಲೆ ಸರಾಸರಿ. ಮಗುವೇ ಉತ್ತರ ಬರೆಯುತ್ತದೆ, ಯಾರೂ ಬಟ್ಟೆ ಬಿಚ್ಚಬೇಕಿಲ್ಲ. ಇದು ಸಣ್ಣ ಗುಣವಲ್ಲ. ಮೈ ನೋಡಿ ಹರೆಯವನ್ನು ಅಳೆಯುವ ಟ್ಯಾನರ್ ಹಂತಗಳಿಗೆ ವಯಸ್ಸಿನ ಲೆಕ್ಕ ಸಿಕ್ಕಿದ್ದು ಇಂಗ್ಲೆಂಡಿನ ಹಾರ್ಪೆಂಡನ್‌ನ ಮಕ್ಕಳ ನಿಲಯದಲ್ಲಿ. ಅಲ್ಲಿನ 192 ಹುಡುಗಿಯರು, 228 ಹುಡುಗರನ್ನು ಬೆತ್ತಲೆ ನಿಲ್ಲಿಸಿ ಮತ್ತೆ ಮತ್ತೆ ಫೋಟೊ ತೆಗೆದಿದ್ದರು. ಅಪ್ಪ ಅಮ್ಮ ಜೊತೆಗಿದ್ದ ಮಕ್ಕಳಾಗಿದ್ದರೆ ಅಷ್ಟು ಸಲೀಸಾಗಿ ಆಗುತ್ತಿತ್ತೇ?

ಆದರೆ ಪೀಟರ್ಸನ್ ಅವರ ಅಂಕಗಣಿತ ನನಗೆ ಒಪ್ಪಿಗೆಯಿಲ್ಲ. ಮುಟ್ಟಿನ ಪ್ರಶ್ನೆಗೆ ಒಂದು ಅಥವಾ ನಾಲ್ಕು, ನಡುವೆ ಏನೂ ಇಲ್ಲ. ನಿನ್ನೆ ‘ಇಲ್ಲ’ ಎಂದವಳು ಇವತ್ತು ‘ಹೌದು’ ಎಂದರೆ ಸರಾಸರಿ ರಾತ್ರೋರಾತ್ರಿ 0.6 ಜಿಗಿಯುತ್ತದೆ. ಮೈ ಮಾತ್ರ ಹಾಗೆ ಜಿಗಿದಿರುವುದಿಲ್ಲ. ಎದೆ ಮೂಡಲು ಶುರುವಾಗಿ ಸುಮಾರು ಎರಡು ವರ್ಷ ಕಳೆದ ಮೇಲೆ ಮುಟ್ಟು ಬರುವುದು. ಅಷ್ಟರಲ್ಲಿ ಎತ್ತರದ ಓಟ ನಿಧಾನವಾಗಿರುತ್ತದೆ. ಜೊತೆಗೆ, ಮೊಡವೆ, ಮೈಕೂದಲಿನ ಹಿಂದೆ ಅಡ್ರಿನಲ್ ಗ್ರಂಥಿಯ ಕೈವಾಡವಿದೆ, ಎದೆಯ ಬೆಳವಣಿಗೆ ಅಂಡಾಶಯದ್ದು. ಈ ಎರಡನ್ನೂ ಬೇರೆಬೇರೆಯಾಗಿ ಎಣಿಸುವ ದಾರಿಯನ್ನು 2009ರಲ್ಲಿ ಶರ್ಟ್‌ಕ್ಲಿಫ್, ಡಾಲ್, ಪೊಲಾಕ್ ತೋರಿಸಿದರು. ಆದರೂ ಒಂದೇ ಸರಾಸರಿಯ ಚಾಳಿ ಬಿಟ್ಟಿಲ್ಲ.

ಈ ಹಾಳೆಯನ್ನು ಮಾಗಡಿ, ಕನಕಪುರದ ಹೈಸ್ಕೂಲಿಗೆ ಒಯ್ದರೆ ಇನ್ನೊಂದು ವಿಚಿತ್ರ. ಒಸಗೆ ಮಾಡುವ ಮನೆಗಳಲ್ಲಿ ಹುಡುಗಿ ದೊಡ್ಡವಳಾದ ದಿನ, ಹೊತ್ತು, ನಕ್ಷತ್ರ ಎಲ್ಲವನ್ನೂ ನೋಡುತ್ತಾರೆ. ಸೋದರಮಾವ ಹಸಿರು ಗರಿಯ ಗುಡ್ಲು ಹಾಕುತ್ತಾನೆ, ಚಿಗಳಿ, ಕೊಬ್ಬರಿ ಬರುತ್ತವೆ, ನೆಂಟರು ಆರತಿ ಎತ್ತುತ್ತಾರೆ. ತಾಯಿಯನ್ನು ಕೇಳಿದರೆ ತಿಂಗಳು, ತಿಥಿ ಸಮೇತ ಉತ್ತರ ಸಿಗಬಹುದು. ಸ್ಕೇಲ್‌ನ ಅಂಕಕ್ಕೆ ಬೇಕಾದದ್ದು ಹೌದು, ಇಲ್ಲ ಅಷ್ಟೇ. ಇಷ್ಟು ನಿಖರವಾದ ಮಾಹಿತಿ ಅಂಕದ ಲೆಕ್ಕಕ್ಕೇ ಬರುವುದಿಲ್ಲ. ಹಾಗಂತ ಎಲ್ಲ ಮನೆಯಲ್ಲೂ ಒಸಗೆಯಿಲ್ಲ. ಸುದ್ದಿ ಹೊರಬಿದ್ದರೆ ಓದು ನಿಂತು ಗಂಡಿನ ಮಾತು ಶುರುವಾದೀತೆಂಬ ಅಂಜಿಕೆ ಇರುವ ಕಡೆ ಹುಡುಗಿ ಬಾಯಿ ಬಿಡುವುದೂ ಇಲ್ಲ. ಮೂವರು ಒತ್ತಿಕೊಂಡು ಕೂತ ಬೆಂಚಿನಲ್ಲಿ ಹಾಳೆ ಹಂಚಿದರೆ, ಪಕ್ಕದವಳ ಕಣ್ಣು ತಪ್ಪಿಸಲು ಒಂದಕ್ಕೇ ಗುರುತು ಹಾಕುತ್ತಾಳೆ.

ಹುಡುಗರಿಗೆ ಗುಡ್ಲೂ ಇಲ್ಲ, ತಿಥಿಯೂ ಇಲ್ಲ. ‘ಗಂಟಲು ಒಡೀತೇನೋ’ ಎಂಬ ಗೇಲಿಯೇ ಅವರಿಗೆ ಸಾಕ್ಷಿ. ಚನ್ನಪಟ್ಟಣದ ಸೆಲೂನಿನಲ್ಲಿ ಒಮ್ಮೆ ಮೀಸೆ ತೀಡಿಸಿಕೊಂಡವನು ನಾಲ್ಕಕ್ಕೆ ಗುರುತು ಹಾಕಿದರೆ ಆಶ್ಚರ್ಯವಿಲ್ಲ.

ಒಂದೇ ದಿನದ ಹಾಳೆಯಿಂದ ಬೆಳವಣಿಗೆಯ ವೇಗ ತಿಳಿಯುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಪಾರ್ಥೆನಾನ್ ಅಧ್ಯಯನ ತೊಂಬತ್ತರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ಹದಿಹರೆಯ ದಾಟುವವರೆಗೂ ಬಿಡದೆ ಹಿಂಬಾಲಿಸಿತು. ಅಷ್ಟು ದುಡ್ಡು, ತಾಳ್ಮೆ ಇಲ್ಲದವರು ಆರು ತಿಂಗಳಿಗೊಮ್ಮೆ ಚಪ್ಪಲಿ ಬಿಡಿಸಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಲಿ. ಐದು ಪ್ರಶ್ನೆಗಳ ಹಾಳೆಯನ್ನು ಒಬ್ಬೊಬ್ಬರಿಗೇ ಬೇರೆ ಕೋಣೆಯಲ್ಲಿ ಕೊಡಲಿ, ಮುಟ್ಟಿನ ತಿಂಗಳನ್ನು ಅಂಕದಿಂದ ಹೊರಗಿಟ್ಟು ಪ್ರತ್ಯೇಕ ಕಾಲಂನಲ್ಲಿ ಬರೆದುಕೊಳ್ಳಲಿ.