ಅಲುಗಿದ ಕ್ಯಾಮೆರಾ, ಅಲುಗದ ಮರ

ಕ್ಯಾಮೆರಾವನ್ನು ಬೇಕೆಂದೇ ಅಲುಗಿಸಿ ತೆಗೆದ ಫೋಟೋದ ಮುಂದೆ ನಿಂತವರ ಬಾಯಿಂದ ಮೊದಲು ಬರುವ ಮೆಚ್ಚುಗೆ ‘ಪೇಂಟಿಂಗ್ ಥರಾನೇ ಇದೆ’ ಎಂಬುದು. ತೆಗೆದವರಿಗೂ ಅದೇ ಬೇಕಾಗಿರುತ್ತದೆ. ಇಂಟೆನ್ಷನಲ್ ಕ್ಯಾಮೆರಾ ಮೂವ್‌ಮೆಂಟ್, ಚಿಕ್ಕದಾಗಿ ಐಸಿಎಂ, ಎಂದು ಈಗ ಹೆಸರು ಪಡೆದಿರುವ ಈ ಪದ್ಧತಿಯ ಬಗ್ಗೆ ಮಾತಾಡುವವರು ಕ್ಯಾಮೆರಾವನ್ನು ಕುಂಚಕ್ಕೆ ಹೋಲಿಸದೆ ಬಿಡುವುದು ಅಪರೂಪ. ನನ್ನ ತಕರಾರು ಇರುವುದೇ ಆ ಹೊಗಳಿಕೆಯ ಬಗ್ಗೆ. ಕುಂಚ ಮಾಡುವ ಕೆಲಸವನ್ನು ಅಲುಗುವ ಕ್ಯಾಮೆರಾ ಮಾಡಲಾರದು. ಅದಕ್ಕೆ ಒಲಿದಿರುವ ಕೆಲಸ ಬೇರೆಯೇ ಇದೆ. ಅದನ್ನು ಅದರಿಂದ ಮಾಡಿಸಿಕೊಳ್ಳುವವರು ಕಡಿಮೆ.

ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಐಸಿಎಂ ಕಲಿಯಲು ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ನಡುಹಗಲಲ್ಲೂ ಒಳಗೆ ನೆರಳು. ಐಎಸ್‌ಒ 100, ಅಪರ್ಚರ್ ಎಫ್/16 ಇಟ್ಟರೆ ಷಟರ್ ತಾನಾಗಿ ಕಾಲು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರಿನ ಹಂಗೂ ಇಲ್ಲ. ಷಟರ್ ತೆರೆದಿರುವಷ್ಟು ಹೊತ್ತು ಕ್ಯಾಮೆರಾವನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಕಾಂಡದ ಮೇಲಿನ ಉಂಗುರಗಳು, ಪಾಚಿಯ ತೇಪೆಗಳು, ಹಬ್ಬಿಸಿದ ಮೆಣಸಿನ ಬಳ್ಳಿ ಎಲ್ಲ ಕರಗಿಹೋಗುತ್ತವೆ. ಕಾಂಡದ ಅಂಚು ಮಾತ್ರ ಉಳಿಯುತ್ತದೆ, ಏಕೆಂದರೆ ಕೈ ಎಳೆದ ದಿಕ್ಕೂ ಅಂಚಿನ ದಿಕ್ಕೂ ಒಂದೇ. ಕಡಲತೀರದಲ್ಲಿ ಕ್ಯಾಮೆರಾವನ್ನು ಅಡ್ಡಕ್ಕೆ ಹೊರಳಿಸಿದಾಗ ದಿಗಂತದ ಗೆರೆ ಅಳಿಯದೆ ನಿಲ್ಲುವುದೂ ಇದೇ ಲೆಕ್ಕದಲ್ಲಿ. ಐಸಿಎಂ ಎಂದರೆ ಮರ ಇಲ್ಲವೇ ಸಮುದ್ರ ಎನ್ನುವಂತಾಗಿರುವುದಕ್ಕೆ ಪ್ರಕೃತಿಪ್ರೇಮಕ್ಕಿಂತ ಈ ರೇಖಾಗಣಿತವೇ ಹೆಚ್ಚಿನ ಕಾರಣವಿದ್ದೀತು.

ಅಂಥ ಒಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಪೂರ್ತಿ ದೊಡ್ಡದು ಮಾಡಿ ನೋಡಬೇಕು. ಸೋಗೆಗಳ ಸಂದಿಯಲ್ಲಿ ಇಣುಕುತ್ತಿದ್ದ ಆಕಾಶದ ಚುಕ್ಕೆಗಳೆಲ್ಲ ಉದ್ದುದ್ದ ಗೆರೆಗಳಾಗಿವೆ. ಕೊನೆಯಲ್ಲಿ ಕೈ ತುಸು ಪಕ್ಕಕ್ಕೆ ಜರುಗಿದ್ದರೆ ಪ್ರತಿ ಗೆರೆಯ ತುದಿಯಲ್ಲೂ ಒಂದು ಕೊಕ್ಕೆ. ಅದೇ ಕೊಕ್ಕೆ, ಅದೇ ಅಳತೆ, ಸೀರೆಯ ಮೈಮೇಲಿನ ಬುಟ್ಟಾದ ಹಾಗೆ ಚಿತ್ರದ ತುಂಬ. ಕುಂಚ ಹಿಡಿದವರು ಒಂದು ಎಲೆಗೆ ಒತ್ತಿ ಬಳಿಯುತ್ತಾರೆ, ಇನ್ನೊಂದನ್ನು ತೇಲಿಸುತ್ತಾರೆ, ಮೂರನೆಯದನ್ನು ಬಿಟ್ಟೇಬಿಡುತ್ತಾರೆ. ಇಲ್ಲಿ ಕೈ ಬೀಸಿದ್ದು ಒಂದೇ ಸಲ. ಹತ್ತಿರದ ಕಾಂಡ, ದೂರದ ಬೇಲಿ, ನೆಲದ ಮೇಲಿನ ಹಾಳೆ ಎಲ್ಲಕ್ಕೂ ಅದೇ ಬೀಸು ಬಿದ್ದಿದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳದ್ದು. ಎಣ್ಣೆಬಣ್ಣದಲ್ಲಿ ಬಿಳಿಯ ಮೇಲೆ ಕಪ್ಪು ಬಳಿದರೆ ಬಿಳಿ ಮುಚ್ಚಿಹೋಗುತ್ತದೆ. ಸೆನ್ಸರಿನ ಮೇಲೆ ಹಾಗಾಗುವುದಿಲ್ಲ. ಅಲ್ಲಿ ಬೆಳಕು ಕೂಡುತ್ತಲೇ ಹೋಗುತ್ತದೆ, ಕಳೆಯುವ ಲೆಕ್ಕವೇ ಇಲ್ಲ. ಒಂದು ಜಾಗದಲ್ಲಿ ಮೊದಲು ಆಕಾಶದ ಬೆಳಕು ಬಿದ್ದು, ಆಮೇಲೆ ಅದೇ ಜಾಗಕ್ಕೆ ಕಪ್ಪು ರೆಂಬೆ ಬಂದರೂ ಬಿದ್ದ ಬೆಳಕನ್ನು ಅದು ಅಳಿಸಲಾರದು. ಹಾಗಾಗಿಯೇ ಹೊಳೆಯುವ ಬಾನಿನೆದುರು ಸಣ್ಣ ರೆಂಬೆಗಳು ಮಾಯವಾಗುತ್ತವೆ, ಕಾಂಡಗಳ ತಲೆ ಸವೆದಂತೆ ಕಾಣುತ್ತದೆ. ಅಲುಗುವ ಕ್ಯಾಮೆರಾಕ್ಕೆ ಕಪ್ಪಿನಲ್ಲಿ ಬರೆಯಲು ಬರುವುದಿಲ್ಲ. ಕಪ್ಪಿನಲ್ಲಿ ಬರೆಯಲು ಬಾರದ್ದನ್ನು ಕುಂಚ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಫೋಟೋಗ್ರಫಿಗೆ ಪೇಂಟಿಂಗಿನ ಹಂಬಲ ಹಳೆಯದು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ರೊಬೇರ್ ದೆಮಾಶಿ ಗಮ್ ಬೈಕ್ರೋಮೇಟ್ ಪ್ರಿಂಟುಗಳ ಮೇಲೆ ಕೈಯಾಡಿಸಿ ಅವು ಫೋಟೋಗಳೆಂಬ ಗುರುತನ್ನೇ ಮರೆಸುತ್ತಿದ್ದರು. ಈ ಬಗೆಯ ಮಸುಕಿನ ವಿರುದ್ಧ 1932ರಲ್ಲಿ ಆ್ಯನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕ್ಯಾಲಿಫೋರ್ನಿಯಾದಲ್ಲಿ ಎಫ್/64 ಗುಂಪು ಕಟ್ಟಿದರು. ನಡುವೆ ಇಟಲಿಯಲ್ಲಿ ನಡೆದದ್ದು ಹೆಚ್ಚು ಸ್ವಾರಸ್ಯದ್ದು. ಆಂಟನ್ ಜೂಲಿಯೊ ಬ್ರಗಾಲಿಯಾ 1911ರ ಹೊತ್ತಿಗೆ ಚಲನೆಯನ್ನೇ ಹಿಡಿಯುವ ದೀರ್ಘ ಎಕ್ಸ್‌ಪೋಷರ್‌ಗಳನ್ನು ತೆಗೆಯುತ್ತಿದ್ದರು. ಟೈಪಿಸ್ಟ್ ಒಬ್ಬಳ ಬೆರಳುಗಳು ಹೊಗೆಯಂತಾದ ಚಿತ್ರ ಪ್ರಸಿದ್ಧ. ಕ್ಯಾಮೆರಾ ನಿಂತಿತ್ತು, ಮನುಷ್ಯರು ಅಲುಗಿದ್ದರು. ಚಲನೆಯೇ ತಮ್ಮ ಧರ್ಮ ಎನ್ನುತ್ತಿದ್ದ ಫ್ಯೂಚರಿಸ್ಟ್ ಚಿತ್ರಕಾರರು ಬೊಚ್ಚೋನಿಯ ಮುಂದಾಳತ್ವದಲ್ಲಿ 1913ರಲ್ಲಿ ‘ಇದಕ್ಕೂ ನಮಗೂ ಸಂಬಂಧವಿಲ್ಲ’ ಎಂದು ಕೈತೊಳೆದುಕೊಂಡರು. ಪೇಂಟಿಂಗಿನ ಮನೆಯಲ್ಲಿ ಫೋಟೋಗೆ ಸಿಕ್ಕ ಮರ್ಯಾದೆ ಅಷ್ಟು.

ಈ ಪದ್ಧತಿಗೆ ನಿಜವಾದ ಹಿರಿಯರು ಯಾರೆಂದರೆ ನಾನು ಅರ್ನ್ಸ್ಟ್ ಹಾಸ್ ಎನ್ನುತ್ತೇನೆ. 1921ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಮ್ಯಾಗ್ನಂ ಫೋಟೋ ಸಂಸ್ಥೆ ಸೇರಿ, ನ್ಯೂಯಾರ್ಕಿಗೆ ಹೋಗಿ ನೆಲೆಸಿದವರು. ಅವರ ಕೈಯಲ್ಲಿದ್ದ ಕೊಡಾಕ್ರೋಮ್ ಫಿಲ್ಮಿನ ವೇಗ ಇಂದಿನ ಲೆಕ್ಕದಲ್ಲಿ ಐಎಸ್‌ಒ 10ರ ಆಸುಪಾಸು. ಬೆಳಕು ಸ್ವಲ್ಪ ಇಳಿದರೂ ಷಟರ್ ನಿಧಾನ ಮಾಡದೆ ಗತಿಯಿರಲಿಲ್ಲ. ಆ ಕೊರತೆಯನ್ನು ಹಾಸ್ ಮುಚ್ಚಿಡದೆ ಬಳಸಿಕೊಂಡರು. 1956ರಲ್ಲಿ ಸ್ಪೇನಿನ ಪಾಂಪ್ಲೋನಾದ ಗೂಳಿ ಕಾಳಗದಲ್ಲಿ ತೆಗೆದ ‘ಲಾ ಸ್ವೆರ್ತೆ ದೆ ಕಾಪಾ’ ನೋಡಿ. ಗೂಳಿ ಒಂದು ದಿಕ್ಕಿಗೆ ನುಗ್ಗುತ್ತಿದೆ, ಬಟ್ಟೆ ಇನ್ನೊಂದು ದಿಕ್ಕಿಗೆ ಬೀಸುತ್ತಿದೆ, ಹೋರಾಟಗಾರನ ಕಾಲು ನೆಲಕ್ಕೆ ಅಂಟಿದೆ, ಇವುಗಳ ನಡುವೆ ಹಾಸ್‌ರ ಕ್ಯಾಮೆರಾ ತನ್ನದೇ ದಿಕ್ಕಿನಲ್ಲಿ ಹೊರಳುತ್ತಿದೆ. ಕ್ಯಾಮೆರಾದ ಜೊತೆಗೆ ಹೆಜ್ಜೆ ಹಾಕಿದ್ದು ಗಟ್ಟಿಯಾಗಿ ಉಳಿಯುತ್ತದೆ, ಎದುರು ಹೋದದ್ದು ಎರಡು ಪಟ್ಟು ಚೆದುರುತ್ತದೆ, ಕದಲದೆ ನಿಂತ ಗ್ಯಾಲರಿ ಪಟ್ಟೆಪಟ್ಟೆಯಾಗುತ್ತದೆ. ಅಡಿಕೆ ತೋಟದ ಚಿತ್ರದಲ್ಲಿ ಇದ್ದದ್ದು ಒಂದೇ ಗೆರೆಯ ನೂರಾರು ನಕಲು. ಇಲ್ಲಿ ಪ್ರತಿಯೊಂದಕ್ಕೂ ಬೇರೆ ಗೆರೆ, ಮತ್ತು ಆ ಗೆರೆಗಳಲ್ಲಿ ಯಾರು ಯಾರ ಕಡೆ ಎಷ್ಟು ರಭಸದಿಂದ ಹೋದರೆಂಬ ವರದಿ ಇದೆ.

ಈ ವ್ಯತ್ಯಾಸವನ್ನು ಪರೀಕ್ಷಿಸಲು ಒರಟಾದ ಉಪಾಯವೊಂದಿದೆ. ಒಂದು ನಿಚ್ಚಳವಾದ ಫೋಟೋ ಕೊಟ್ಟರೆ ಫೋಟೋಶಾಪ್ ಇದನ್ನು ಮಾಡಿಕೊಟ್ಟೀತೇ ಎಂದು ಕೇಳುವುದು. ತೋಟದ ಚಿತ್ರವನ್ನು ಮೋಷನ್ ಬ್ಲರ್ ಫಿಲ್ಟರ್ ಹೆಚ್ಚುಕಮ್ಮಿ ಮಾಡಿಕೊಡುತ್ತದೆ. ಆಕಾಶದ ಚುಕ್ಕೆಗಳು ಹೊಳೆಯುವ ಗೆರೆಗಳಾಗುವ ಬದಲು ಬೂದು ಬಣ್ಣಕ್ಕೆ ತಿರುಗುವುದು ಕಣ್ಣಿಗೆ ಬೀಳಬಹುದು, ಅಷ್ಟೇ. ಗೂಳಿಯ ಚಿತ್ರ ಅದರಿಂದಾಗದು. ಯಾವುದು ಎತ್ತ ಹೋಯಿತೆಂಬ ಸಂಗತಿ ಒಂದು ಸ್ತಬ್ಧ ಫೋಟೋದೊಳಗೆ ಇರುವುದೇ ಇಲ್ಲ. ಈ ಪರೀಕ್ಷೆ ಇಟ್ಟರೆ ಇವತ್ತು ಫ್ರೇಮು ಹಾಕಿಸಿಕೊಂಡು ಗೋಡೆಗೇರಿರುವ ಐಸಿಎಂಗಳಲ್ಲಿ ಬಹುಪಾಲು ನಪಾಸಾಗುತ್ತವೆ.

ಹಾಸ್‌ರನ್ನು ಪೂಜೆಗಿಡುವ ಉದ್ದೇಶವೂ ನನಗಿಲ್ಲ. 1962ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಬಣ್ಣದ ಚಿತ್ರಗಳ ಪ್ರದರ್ಶನ ನಡೆಸಿತು. ಆದರೂ ಆ ಸಂಸ್ಥೆಯ ಮೊದಲ ಬಣ್ಣದ ಪ್ರದರ್ಶನದ ಮಾತು ಬಂದಾಗ ಬಹಳ ಮಂದಿ ಹೇಳುವುದು 1976ರ ವಿಲಿಯಂ ಎಗಲ್‌ಸ್ಟನ್ ಹೆಸರು. ಅನ್ಯಾಯವೇ ಸರಿ, ಆದರೆ ಕಾರಣವಿಲ್ಲದ್ದಲ್ಲ. ಹಾಸ್‌ಗೆ ಚೆಲುವಿನ ಚಪಲ ಜಾಸ್ತಿ. 1971ರ ‘ದಿ ಕ್ರಿಯೇಶನ್’ ಪುಸ್ತಕದ ಕೆಲವು ಪುಟಗಳು ಕ್ಯಾಲೆಂಡರಿನ ಅಂಚಿಗೆ ಬಂದು ನಿಲ್ಲುತ್ತವೆ. ಇಂದಿನ ಐಸಿಎಂ ಅವರಿಂದ ಪಡೆದಿರುವುದು ಆ ಚಪಲವನ್ನೇ ಹೊರತು ಗೂಳಿಯನ್ನಲ್ಲ.

ಅವರಿಗಿಂತ ಹಿಂದೆ ಅಲೆಕ್ಸಿ ಬ್ರೊಡೊವಿಚ್ ಇದ್ದರು. ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಕಲಾ ನಿರ್ದೇಶಕರಾಗಿದ್ದ ಅವರು 1935–37ರಲ್ಲಿ ಬ್ಯಾಲೆ ತಂಡಗಳನ್ನು ರಂಗದ ಬೆಳಕಿನಲ್ಲೇ 35 ಎಂಎಂ ಕ್ಯಾಮೆರಾದಲ್ಲಿ ಹಿಡಿದು, 1945ರಲ್ಲಿ ‘ಬ್ಯಾಲೆ’ ಎಂಬ ಪುಸ್ತಕ ತಂದರು. ಅಚ್ಚಾದದ್ದು 500 ಪ್ರತಿ ಮಾತ್ರ. ನರ್ತಕಿಯರ ಮುಖ ಕಾಣುವುದಿಲ್ಲ, ದೀಪಗಳು ಕಣ್ಣು ಕುಕ್ಕುತ್ತವೆ, ಆದರೂ ಸೈಡ್‌ವಿಂಗ್‌ನಲ್ಲಿ ನಿಂತು ಕುಣಿತ ನೋಡಿದವರಿಗೆ ಮಾತ್ರ ಗೊತ್ತಿರುವ ತರಾತುರಿ ಆ ಪುಟಗಳಲ್ಲಿದೆ. ನಮ್ಮ ಯಕ್ಷಗಾನಕ್ಕೆ ಇಂಥದ್ದೊಂದು ಪುಸ್ತಕ ಬೇಕು ಎಂಬ ಆಸೆ ನನ್ನದು. ಈಗ ಸಾವಿರಾರು ಮಂದಿ ತೆಗೆಯುವುದು ಕಿರೀಟದ ಪ್ರತಿ ಮಣಿಯನ್ನೂ ಎಣಿಸಬಹುದಾದ ಚಿತ್ರ. ದಿಗಿಣ ಹೊಡೆಯುತ್ತಿರುವ ವೇಷಧಾರಿಯನ್ನು ಒಂದು ಸಾವಿರಾಂಶ ಸೆಕೆಂಡಿನಲ್ಲಿ ಹಿಡಿದರೆ ಅವನು ಗಾಳಿಯಲ್ಲಿ ನೇತುಹಾಕಿದಂತೆ ಕಾಣುತ್ತಾನೆ. ಚೆಂಡೆಯ ಸದ್ದೇ ಇಲ್ಲದ ಕುಣಿತ. ಷಟರನ್ನು ಎಂಟನೆಯ ಒಂದು ಸೆಕೆಂಡಿಗೆ ಇಳಿಸಿ, ಕ್ಯಾಮೆರಾವನ್ನು ಕಿರೀಟದ ಜೊತೆಯಲ್ಲೇ ಒಯ್ದರೆ ಕಿರೀಟವೂ ಮುಖದ ಬಣ್ಣವೂ ತಕ್ಕಮಟ್ಟಿಗೆ ನಿಲ್ಲುತ್ತವೆ, ಕೈ, ಕಾಲು, ನೆರಿಗೆಗಳು ತಮ್ಮ ತಮ್ಮ ದಾರಿಯಲ್ಲಿ ಹರಡುತ್ತವೆ, ಹಿಂದೆ ಕೂತ ಭಾಗವತರು ಪಟ್ಟೆಯಾಗುತ್ತಾರೆ. ಹತ್ತರಲ್ಲಿ ಎಂಟು ಕೆಡುತ್ತವೆ, ಅದಿರಲಿ. ಬೆದರಿಸುವ ಅಡ್ಡಿಯೆಂದರೆ ಈಗಿನ ಎಲ್‌ಇಡಿ ದೀಪಗಳು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಹೊಳೆಯುವ ಗೆರೆಗಳೆಲ್ಲ ಮಣಿ ಪೋಣಿಸಿದಂತೆ ತುಂಡುತುಂಡಾಗುತ್ತವೆ. ಕುಂಚದಿಂದ ಆಗದ, ಕ್ಯಾಮೆರಾಕ್ಕೆ ಮಾತ್ರ ಒದಗಿ ಬಂದಿರುವ ಗುರುತು ಅದು. ಕಸವೆಂದು ಅಳಿಸುವ ಬದಲು ಯಾರಾದರೂ ಅದನ್ನೇ ಹಿಡಿದು ಕೆಲಸ ಮಾಡಬಾರದೇಕೆ?

ಕರ್ನಾಟಕದಲ್ಲಿ ಐಸಿಎಂ ಬಿಡುಗಡೆಯಂತೆ ಕಾಣುವುದಕ್ಕೆ ಇಲ್ಲಿನದೇ ಕಾರಣವಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಿಂದ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರ ತನಕ ನಮ್ಮ ಗಣ್ಯ ಪರಂಪರೆ ವನ್ಯಜೀವಿ ಫೋಟೋಗ್ರಫಿಯದು. ಅಲ್ಲಿ ಗರಿಯ ಎಳೆ ಎಣಿಸಲು ಬರಬೇಕು, ಕಣ್ಣು ಫೋಕಸ್‌ನಲ್ಲಿರಲೇಬೇಕು. ಆ ಶಿಸ್ತಿನಲ್ಲಿ ಬೆಳೆದವರಿಗೆ ಕೈ ಅಲುಗಿಸುವುದೇ ಒಂದು ಬಂಡಾಯ. ಆದರೆ ಬಂಡಾಯದ ಸುಖ ತೆಗೆದವರದು. ನೋಡುವವರ ಪಾಲಿಗೆ ಬೇರೇನಾದರೂ ಉಳಿದಿರಬೇಕು. ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಲು ಕಥಕ್ ಕಲಿತವರು. ಕುಣಿಯುವ ಮೈಯ ಭಾರ ಎಲ್ಲಿಂದ ಎಲ್ಲಿಗೆ ದಾಟಿತೆಂದು ಅವರ ರೇಖೆ ಬಲ್ಲದು. ಅಮೂರ್ತವಾದಷ್ಟೂ ಕಲೆ ಎಂದು ನಂಬಿ ಕ್ಯಾಮೆರಾ ಕುಲುಕುವವರ ಗೆರೆ ಬಲ್ಲದ್ದು ಕುಲುಕಿದ ಮಣಿಕಟ್ಟೊಂದನ್ನೇ.

ಮರಗಳ ಚಿತ್ರಗಳೆಲ್ಲ ದಂಡವೆಂದು ಇದರರ್ಥವಲ್ಲ. ಮುಂಗಾರಿನ ಮೊದಲ ಗಾಳಿಗೆ ಅಡಿಕೆ ಮರಗಳ ತಲೆ ತೊನೆದಾಡುತ್ತದೆ, ಬುಡ ಕದಲುವುದಿಲ್ಲ. ಆಗ ಕ್ಯಾಮೆರಾವನ್ನೂ ಎಳೆದರೆ ಬುಡಕ್ಕೊಂದು ಗೆರೆ, ತುದಿಗಿನ್ನೊಂದು. ಗಾಳಿಗೆ ಚಿತ್ರದಲ್ಲಿ ಪಾಲು ಸಿಗುತ್ತದೆ. ನಿಂತಲ್ಲೇ ಕ್ಯಾಮೆರಾ ತಿರುಗಿಸುವ ಬದಲು ನಡೆಯುತ್ತಾ ತೆಗೆದರೆ ಇನ್ನೂ ಒಂದು ಲಾಭ: ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ ಸರಿಯುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆಲ್ಲ ಇದು ಗೊತ್ತು. ರಸ್ತೆಬದಿಯ ಬೇಲಿ ಹರಿದು ಚಿಂದಿಯಾಗುತ್ತದೆ, ಗದ್ದೆಯಾಚೆಯ ತೆಂಗಿನ ಸಾಲು ತುಸು ಕದಡುತ್ತದೆ, ಗುಡ್ಡ ಹಾಗೇ ಇರುತ್ತದೆ. ನಿಂತು ತಿರುಗಿಸಿದ ಕ್ಯಾಮೆರಾ ಈ ದೂರ ಹತ್ತಿರದ ಲೆಕ್ಕವನ್ನು ಅಳಿಸಿಹಾಕುತ್ತದೆ, ಸಾಗುವ ಕ್ಯಾಮೆರಾ ಬರೆದಿಡುತ್ತದೆ. ತೋಟಕ್ಕೆ ಹೋಗುವ ತರಬೇತಿ ಶಿಬಿರಗಳಲ್ಲಿ ಮಣಿಕಟ್ಟಿನ ಪಾಠಕ್ಕಿಂತ ಮೊದಲು ನಡಿಗೆಯ ಪಾಠ ಆಗಬೇಕು.

ಶೀರ್ಷಿಕೆಗಳ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಕಡಿಮೆ. ‘ಅನಂತ’, ‘ಮೌನ’, ‘ಅಂತರಂಗ’ ಎಂಬ ಹಲಗೆಗಳ ಕೆಳಗೆ ಯಾವ ಚಿತ್ರವನ್ನಾದರೂ ತೂಗುಹಾಕಬಹುದು, ಅದಲುಬದಲು ಮಾಡಿದರೂ ಯಾರಿಗೂ ತಿಳಿಯದು. ಊರು, ತಿಂಗಳು, ಷಟರ್ ತೆರೆದಿದ್ದ ಹೊತ್ತು, ಆಗ ಏನು ಅಲುಗುತ್ತಿತ್ತು, ಇಷ್ಟು ಬರೆದರೆ ಸಾಕು. ಈ ಕೊನೆಯ ಸಾಲಿನಲ್ಲಿ ‘ನನ್ನ ಕೈ’ ಎಂದಷ್ಟೇ ಬರೆಯಬೇಕಾಗಿ ಬಂದ ಚಿತ್ರವನ್ನು ಗೋಡೆಗೆ ಏರಿಸುವ ಮುನ್ನ ಇನ್ನೊಂದು ಸಲ ಯೋಚಿಸಬಹುದು.