ಮಿಸ್ತ್ರಾಲ್: ಗಾಳಿಯ ಹೆಸರಿನ ಅಕ್ಷರ

ಕೈಬರಹವನ್ನು ಸೀಸದ ಅಚ್ಚಿಗೆ ಇಳಿಸುವುದು ಹುಡುಗಾಟವಲ್ಲ. ಕೈ ನಿಲ್ಲದೆ ಹರಿಯುತ್ತದೆ. ಅಚ್ಚುಮೊಳೆಗಳೋ ಒಂದೊಂದೂ ಒಂಟಿ. 1953ರಲ್ಲಿ ಫ್ರಾನ್ಸಿನ ಮಾರ್ಸೇಲಿನಲ್ಲಿದ್ದ ಅಚ್ಚುಮೊಳೆ ತಯಾರಕ ಸಂಸ್ಥೆ ಫೌಂಡರಿ ಒಲೀವ್ ಹೊರತಂದ ‘ಮಿಸ್ತ್ರಾಲ್’ ಎಂಬ ಅಕ್ಷರಶೈಲಿ ಇವೆರಡನ್ನೂ ಒಂದುಗೂಡಿಸಿತು.

ವಿನ್ಯಾಸಕ ರೊಜೇ ಎಕ್ಸ್‌ಕೊಫೋನ್ ಅದೇ ಊರಿನವರು. ಮಾದರಿಯಾಗಿ ಆರಿಸಿಕೊಂಡದ್ದು ತಮ್ಮದೇ ಕೈಬರಹವನ್ನು. ಇಟ್ಟ ಹೆಸರು ರೋನ್ ಕಣಿವೆಗುಂಟ ಬೀಸುವ ತಣ್ಣನೆಯ ಬಿರುಗಾಳಿಯದು.

ಕೌಶಲವೆಲ್ಲ ಇರುವುದು ಕೀಲುಗಳಲ್ಲಿ. ಒಂದು ಅಕ್ಷರದ ಕೊನೆಯ ಎಳೆ ಮೊಳೆಯ ಅಂಚಿಗೆ ಬಂದು, ಮುಂದಿನದರ ಮೊದಲ ಎಳೆಯನ್ನು ಅದೇ ಎತ್ತರದಲ್ಲಿ ಮುಟ್ಟಬೇಕು. ಪಕ್ಕದಲ್ಲಿ ಯಾವ ಅಕ್ಷರ ಬಂದು ಕೂತರೂ ಸರಿ! ಕೂದಲೆಳೆಯಷ್ಟು ತಪ್ಪಿದರೂ ಕಾಗದದ ಮೇಲೆ ಬಿರುಕು ಕಾಣುತ್ತದೆ. ಇಷ್ಟೊಂದು ಲೆಕ್ಕಾಚಾರವಿದ್ದರೂ ಓದುಗನಿಗೆ ಅದರ ಸುಳಿವೇ ಸಿಗುವುದಿಲ್ಲ. ಗೆರೆಯ ಅಂಚು ಒರಟೊರಟು, ಶಾಯಿ ತೀರುತ್ತಿರುವ ಕುಂಚ ಎಳೆದಂತೆ. ಒಂದು ಅಕ್ಷರ ತುಸು ಜಿಗಿದರೆ ಇನ್ನೊಂದು ತುಸು ಇಳಿಯುತ್ತದೆ. ‘ಜಿ’, ‘ವೈ’ಗಳ ಬಾಲ ಸಾಲಿನ ಕೆಳಗೆ ಉದ್ದಕ್ಕೆ ಚಾಚುತ್ತದೆ. ಅವಸರದಲ್ಲಿ ಗೀಚಿದಂತೆ ಕಾಣುವ ಈ ಸಾಲಿನ ಹಿಂದಿರುವ ತಾಳ್ಮೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಫ್ರಾನ್ಸಿನ ಅಂಗಡಿ ಬೋರ್ಡುಗಳಲ್ಲಿ ಮಿಸ್ತ್ರಾಲ್ ಇಂದಿಗೂ ಕಣ್ಣಿಗೆ ಬೀಳುತ್ತದೆ. ಮೈಕ್ರೋಸಾಫ್ಟ್ ಆಫೀಸಿನ ಜತೆ ಲೋಕದ ಮೂಲೆಮೂಲೆಗೂ ಹೋಯಿತು. 2011ರ ‘ಡ್ರೈವ್’ ಚಿತ್ರದಲ್ಲಿ ಢಾಳು ಗುಲಾಬಿ ಬಣ್ಣ ತೊಟ್ಟು, ರಾತ್ರಿಯ ಲಾಸ್ ಏಂಜಲೀಸ್ ಮೇಲೆ ಮೂಡಿತು.

ಉದ್ದನೆಯ ಬರಹಕ್ಕೆ ಇದು ಒಗ್ಗದು. ನಾಲ್ಕಾರು ಪದಗಳ ತಲೆಬರಹ, ಪೋಸ್ಟರು, ಲೇಬಲ್ಲುಗಳೇ ಇದರ ಜಾಗ. ಇಡೀ ಪದವನ್ನು ದೊಡ್ಡಕ್ಷರಗಳಲ್ಲಿ ಮಾತ್ರ ಜೋಡಿಸಬಾರದು. ಆ ಕೀಲುಗಳೆಲ್ಲ ಇರುವುದು ಸಣ್ಣಕ್ಷರಗಳಲ್ಲಿ.